ಗ್ವಾಡಿ ಆಚಿನ ವಾಯ್‌ಫಾಯ್

ದೋಸ್ತರೇ, ಇವತ್ತ ಚಿಂಚೋಳಿ ಎಂಐಡಿಸಿ ಕಾರ್ಖಾನಿಯಿಂದ ಡ್ಯೂಟಿ ಮುಗಿಸಿ ನಮ್ಮೂರು ಹನ್ನೂರಿಗಿ ಬಂದ್ರ, ಲಕ್ವಾ ಹೊಡದ ನಮ್ಮವ್ವ ಹೊರಸಿನಿಂದ ಕೆಳಗ ಬಿದ್ದಿದ್ಳು. ಹೆಂಡ್ತಿ ಇನ್ನಾ ಹೊಲದಾಗ ಇದ್ಳು. ನಾ ಮಾಡಿಕೊಟ್ಟ ಬಟನ್ ಅವ್ವನ ಮುಷ್ಟ್ಯಾಗ ಹಂಗೇ ಇತ್ತು. ಅದನ್ನ ಒತ್ತಿದ್ರ ಒಂದು ಸಣ್ಣ ಬೋರ್ಡ್ ವಾಯ್‌ಫಾಯ್ ಹಿಡದು ನನ್ನ ಫೋನಿಗಿ ಸುದ್ದಿ ಮುಟ್ಟಸ್ತದ. ಇವತ್ತ ಮುಟ್ಟಸಲೇ ಇಲ್ಲ.

ಅವ್ವನ್ನ ಎತ್ತಿ ಮಲಗಿಸಿ, ಬೋರ್ಡಿಗಿ ಬೈಕೋತ ಕುಂತೆ. ವೈರ್ ಬದಲಿಸಿದೆ, ಪ್ರೋಗ್ರಾಮ್ ಮತ್ತ ಹಾಕಿದೆ. ಕಡೀಕ ಲ್ಯಾಪ್‌ಟಾಪಿಗಿ ಹಚ್ಚಿ ನೋಡಿದ್ರ ಒಂದೇ ಸಾಲು ಬರಾಕತ್ತಿತ್ತು: ಪಾಸ್‌ವರ್ಡ್ ತಪ್ಪು.

ಬೋರ್ಡ್ ಹಿಡಿಯೋ ನೆಟ್ ನಮ್ಮಣ್ಣ ಬೀರಪ್ಪಂದು. ಆಸ್ತಿ ಪಾಲಾಗಿ ನಮ್ಮಿಬ್ಬರ ವಾಟಣಿ ಆದಾಗ ಮನಿ ನಡುವ ಗ್ವಾಡಿ ಎದ್ದು, ರೂಟರ್ ಅವನ ಪಾಲಿಗಿ ಹೋತು. ಅವ್ವಂದು ಮಾತ್ರ ಪಾಳಿ, ಒಂದು ತಿಂಗಳ ಅವನ ಕಡೆ, ಒಂದು ತಿಂಗಳ ನನ್ನ ಕಡೆ. ನಿನ್ನೆ ಅಮಾಸಿಗಿ ಅವನ ಪಾಳಿ ಮುಗೀತು.

ಹೋಗಿ ಕೇಳಿದೆ. "ಪಾಸ್‌ವರ್ಡ್ ಬದಲಿ ಮಾಡೀಯೇನು?"

"ಹೂಂ, ಮುಂಜಾನೆ ಮಾಡೀನಿ. ಈ ತಿಂಗಳ ಅವ್ವ ನಿನ್ನ ಕಡೆ ಅದಾಳ, ನೆಟ್ಟೂ ನಿಂದೇ ಹಾಕ್ಕೋ. ವಾಟಣಿ ಅಂದ್ರ ವಾಟಣಿ."

"ಅವ್ವ ಬಿದ್ದಾಳ."

"ಪಾಳಿ ನಿಂದದ" ಅಂದ, ಕದ ಹಾಕ್ಕೊಂಡ.

ಲಕ್ವಾ ಹೊಡದ ಮ್ಯಾಲ ಅವ್ವನ ಬಾಯಾಗ ಅಣ್ಣನ ಹೆಸರೊಂದೇ ಸಾಫ್ ಬರತದ. ಅವನ ನೆಟ್‌ವರ್ಕಿಗೂ ಅದೇ ಹೆಸರು. ಬೋರ್ಡಿಗಿ ಸುಮ್ನ ಬೈದೆ ನೋಡ್ರಿ. ಪಾಪ, ಅದೂ ಅವ್ವನಂಗ ಮುಂಜಾನಿಯಿಂದ ಬೀರಪ್ಪ, ಬೀರಪ್ಪ ಅಂತ ಕರಿಯಾಕತ್ತಿತ್ತು.