ಆರನೆಯ ಕಲ್ಲಿಗೆ ಎಡೆ

ತೀರಿಹೋಗಿ ಮೂರು ವರ್ಷವಾದ ನಮ್ಮವ್ವ ಈಚೆಗೆ ರಾಜಾಜಿನಗರದ ಒಂದು ಮನೆಯ ಹಜಾರದಲ್ಲಿ ಮಾತಾಡಿದಳು. ಮಾತು ಅವಳದೇ. ಬಾಯಿ ಮಾತ್ರ ಕರಿ ಕೋಟು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಮೇಷ್ಟರದು. “ಮೊದಲನೆಯ ತುತ್ತು ಭೂಮಿಗೆ, ಎರಡನೆಯದು ಹಕ್ಕಿಗೆ, ಉಳಿದದ್ದು ನಮಗೆ” ಎಂದು ಅವರು ವಾರಪತ್ರಿಕೆಯಿಂದ ಗಟ್ಟಿಯಾಗಿ ಓದಿದರು. ಕೂತಿದ್ದ ಇಪ್ಪತ್ತು ಜನ ತಲೆದೂಗಿದರು. ನಾನು ಅಡುಗೆಮನೆಯ ಬಾಗಿಲ ಬಳಿ ಹೆಂಗಸರ ಚಾಪೆಯ ಮೇಲೆ ಕೂತಿದ್ದೆ. ಅವ್ವ ಆ ಮಾತು ಹೇಳುತ್ತಿದ್ದದ್ದು ಗದಗಿನ ಕಡೆಯ ನಮ್ಮ ಎರೆಹೊಲದಲ್ಲಿ, ಎಳ್ಳಮಾವಾಸ್ಯೆಯ ದಿನ ಎಡೆಯ ಅನ್ನವನ್ನು ಪೈರಿಗೆ ಎರಚಿ ಚರಗ ಚೆಲ್ಲುವಾಗ. ಅದನ್ನು ಕಥೆಯಾಗಿ ಬರೆದವಳು ನಾನು. ಪತ್ರಿಕೆಯಲ್ಲಿ ಕಥೆಯ ಕೆಳಗಿದ್ದದ್ದು ಮೇಷ್ಟರ ಹೆಸರು.

ನಮ್ಮೂರಿನ ಓದುಗ ಬಳಗದವರೇ, ನಿಮ್ಮ ಸಲಹೆ ಕೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕೈಬರಹದ ಮಾಸಿಕದ ನೇಮವನ್ನು ನಾನು ಮರೆತಿಲ್ಲ. ಕೊನೆಯ ನಾಲ್ಕು ಹಾಳೆ ಖಾಲಿ ಬಿಡಬೇಕು, ಓದಿದ ಮನೆಯವರು ಅಲ್ಲಿ ತಮ್ಮ ಅಭಿಪ್ರಾಯ ಬರೆದೇ ಮುಂದಿನ ಮನೆಗೆ ದಾಟಿಸಬೇಕು, ಬರೆಯದೆ ದಾಟಿಸಿದವರಿಗೆ ಮುಂದಿನ ಸಂಚಿಕೆ ಇಲ್ಲ. ನನ್ನ ಮೊದಲ ಕಥೆಗೆ ಪತ್ತಾರ ಓಣಿಯ ಅಜ್ಜ “ಉಪ್ಪಿಲ್ಲ” ಎಂದು ಒಂದೇ ಮಾತು ಬರೆದಿದ್ದರು. ಅಂದು ಎರಡು ದಿನ ಅತ್ತಿದ್ದೆ. ಆ ಒಂದು ಮಾತಿನ ಬೆಲೆ ಏನೆಂದು ಈ ಊರಿಗೆ ಬಂದ ಮೇಲೆ ತಿಳಿಯಿತು.

ನಾಡು ಒಂದಾದ ಮರುವರ್ಷ ನಮ್ಮ ಮನೆಯವರಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಲೇತು ಯಂತ್ರದ ಕೆಲಸ ಸಿಕ್ಕಿತು. ಟ್ರಂಕು, ರೊಟ್ಟಿಯ ಹಂಚು, ಒಂದು ಚೀಲ ಜೋಳ ಕಟ್ಟಿಕೊಂಡು ಬಂದೆವು. ರಾಜಾಜಿನಗರ ಅಂದರೆ ಆಗಿನ್ನೂ ಊರಲ್ಲ, ಊರಿನ ನಕ್ಷೆ. ನೇರ ಗೆರೆ ಎಳೆದ ಹಾಗೆ ರಸ್ತೆ, ರಸ್ತೆಗೊಂದು ನಂಬರು, ನಡುವೆ ಪಾಯ ತೋಡಿಟ್ಟ ಸೈಟುಗಳು, ಅದರಾಚೆ ರಾಗಿ ಹೊಲ. ನಮ್ಮಲ್ಲಿ ಮನೆ ಕೇಳಿದರೆ ಯಾರ ಪೈಕಿ ಎನ್ನುತ್ತಾರೆ. ಇಲ್ಲಿ ಎಷ್ಟನೇ ಬ್ಲಾಕು ಎನ್ನುತ್ತಾರೆ. ನಾವು ಸೇರಿದ್ದು ಒಂದು ವಠಾರಕ್ಕೆ. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಐದಾರು ಪುಟ್ಟ ಬಾಡಿಗೆ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತದೆ.

ಮೊದಲ ದಿನ ರೊಟ್ಟಿ ಬಡಿಯಲು ಕೂತಾಗ ಪಕ್ಕದ ಮನೆಯವರು ಬಂದು, ಗೋಡೆ ಏನಾದರೂ ಒಡೆಸುತ್ತಿದ್ದೀರಾ ಎಂದು ವಿಚಾರಿಸಿದರು. ಆಮೇಲೆ ಕೈ ಸದ್ದಾಗದಂತೆ ಮೆಲ್ಲಗೆ ಬಡಿಯುವುದನ್ನು ಕಲಿತೆ, ರೊಟ್ಟಿ ದಪ್ಪವಾಗತೊಡಗಿತು. ಚೀಲದ ಜೋಳ ಮುಗಿದ ಮೇಲೆ ಆ ಗೊಡವೆಯೂ ಇರಲಿಲ್ಲ. ಮಾತೂ ಹಾಗೆಯೇ ಆಯಿತು. ಅಂಗಡಿಯಲ್ಲಿ ಶೇಂಗಾ ಕೇಳಿದರೆ ಪಿಳಿಪಿಳಿ ನೋಡುತ್ತಿದ್ದರು, ಅದಕ್ಕೆ ಕಡಲೇಕಾಯಿ ಅನ್ನತೊಡಗಿದೆ. ನಾನು ಬಾಯಿ ಬಿಟ್ಟರೆ ಸಾಕು, ನಲ್ಲಿಯ ಹತ್ತಿರ ನಿಂತ ಹೆಂಗಸರು ನಗು ಅದುಮಿಕೊಳ್ಳುತ್ತಿದ್ದರು. ನೀಲವ್ವ ಎಂಬ ಹೆಸರು ಕೂಡ ಇಲ್ಲಿಯವರ ನಾಲಿಗೆಗೆ ಒಗ್ಗದೆ ನೀಲಮ್ಮ ಆಯಿತು.

ನಗದಿದ್ದವಳು ಹೊನ್ನಮ್ಮ ಒಬ್ಬಳು. ಕುರುಬರಹಳ್ಳಿಯ ಹಳೆಯ ಒಕ್ಕಲು ಮನೆತನದವಳು, ದಿನಾ ಬೆಳಿಗ್ಗೆ ವಠಾರಕ್ಕೆ ಹಾಲು ತರುತ್ತಾಳೆ. ಅವಳ ಹೊಲದಲ್ಲಿ ಅರ್ಧ ಸೈಟುಗಳಾಗಿ ಹೋಗಿ ಇನ್ನರ್ಧ ಉಳಿದಿದೆ. ಓದು ಬರಹ ಬಾರದು. ನಾನು ಏನೋ ಗೀಚುವುದನ್ನು ಕಂಡು, ಓದಿ ಹೇಳು ಎಂದು ಕೂತಳು. ನಾನು ಅವ್ವನ ಕಥೆ ಓದಿದೆ. ಕಾಯಿಲೆ ಬಿದ್ದ ಅವ್ವ ಕೊನೆಯ ಎಳ್ಳಮಾವಾಸ್ಯೆಗೆ ಹಟ ಹಿಡಿದು ಚಕ್ಕಡಿಯಲ್ಲಿ ಹೊಲಕ್ಕೆ ಹೋದದ್ದು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಹೋಳಿಗೆಯ ಬುತ್ತಿ ಬಿಚ್ಚಿದ್ದು, ಬನ್ನಿಯ ಗಿಡದ ಕೆಳಗೆ ತಾನೇ ಆರು ಕಲ್ಲು ಆರಿಸಿಟ್ಟು ಪೂಜಿಸಿದ್ದು, ಪೈರಿನ ಮೇಲೆ ಅನ್ನ ಚೆಲ್ಲಿದ್ದು. ಹೊನ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಇದನ್ನು ಯಾರಾದರೂ ತಿಳಿದವರಿಗೆ ತೋರಿಸು ಎಂದಳು.

ತಿಳಿದವರೆಂದರೆ ಈ ಭಾಗಕ್ಕೆಲ್ಲ ಶಾಮಣ್ಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಭಾನುವಾರ ಮಧ್ಯಾಹ್ನ ಅವರ ಮನೆಯ ಹಜಾರದಲ್ಲಿ ಓದುಗರ ಕೂಟ ಸೇರುತ್ತದೆ. ಒಬ್ಬರು ಓದುವುದು, ಆಮೇಲೆ ಸುತ್ತ ಕೂತವರು ಸರದಿಯ ಮೇಲೆ ಒಂದೊಂದು ಸಂದೇಹ ಕೇಳುವುದು, ಮೇಷ್ಟ್ರು ಪರಿಹರಿಸುವುದು, ಕಡೆಗೆ ಕಾಫಿ. ಯಾವ ಪುಸ್ತಕ ಓದಬೇಕು, ಹೇಗೆ ಬರೆಯಬೇಕು ಎಂದು ಕೇಳಿಕೊಂಡು ದೂರದಿಂದಲೂ ಜನ ಬರುತ್ತಿದ್ದರು. ಶ್ರಾವಣದಲ್ಲಿ ನಾನೂ ಹೋಗಿ ಹಸ್ತಪ್ರತಿ ಕೊಟ್ಟೆ. ಎರಡು ವಾರದ ಮೇಲೆ ಕೇಳಿದಾಗ, ಭಾಷೆ ತುಂಬ ಒರಟು, ನಿಮ್ಮ ಕಡೆ ಮಾತು ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಇನ್ನೂ ಹತ್ತು ವರ್ಷ ಓದಬೇಕು ಎಂದರು. ಹಸ್ತಪ್ರತಿ ತಮ್ಮಲ್ಲಿಯೇ ಇರಲಿ, ಬಿಡುವಾದಾಗ ತಿದ್ದುತ್ತೇನೆ ಎಂದರು. ನಾನು ಕೈ ಮುಗಿದು ಬಂದೆ. ದೊಡ್ಡವರು ನನ್ನ ಬರಹವನ್ನು ತಿದ್ದುತ್ತಾರೆ ಎಂದು ನಿಮಗೆ ಪತ್ರ ಬರೆಯುವುದರಲ್ಲಿದ್ದೆ. ನಾಚಿಕೆಯಾಗುತ್ತದೆ.

ಕಾರ್ತೀಕದಲ್ಲಿ ಆ ಕಥೆ ವಾರಪತ್ರಿಕೆಯಲ್ಲಿ ಬಂತು. ಜೋಳ ಹೋಗಿ ರಾಗಿಯಾಗಿತ್ತು, ಸಜ್ಜೆ ರೊಟ್ಟಿ ಹೋಗಿ ಮುದ್ದೆಯಾಗಿತ್ತು, ಚಕ್ಕಡಿ ಹೋಗಿ ಎತ್ತಿನ ಗಾಡಿಯಾಗಿತ್ತು, ಅವ್ವ “ನನ್ನ ಪೂಜ್ಯ ತಾಯಿಯವರು” ಆಗಿದ್ದಳು. ಊರು ಮದ್ದೂರಿನ ಹತ್ತಿರ ಎಲ್ಲೋ. ಉಳಿದದ್ದು ಎಳ್ಳಮಾವಾಸ್ಯೆ, ಚರಗ, ಆರು ಕಲ್ಲು. ನಾವು ಆ ಆರು ಕಲ್ಲನ್ನು ಯಾರಿಗೂ ವಿವರಿಸುವುದಿಲ್ಲವಲ್ಲ, ಹಾಗೆಂದು ನಾನೂ ವಿವರಿಸಿರಲಿಲ್ಲ. ಮೇಷ್ಟ್ರು ಅದನ್ನು ಇದ್ದ ಹಾಗೆಯೇ ಎತ್ತಿಟ್ಟುಕೊಂಡಿದ್ದರು. ಅವರು ಅದನ್ನು ಕೂಟದಲ್ಲಿ ಓದುವಾಗಲೇ ನನಗೆ ಗೊತ್ತಾದದ್ದು. ಆ ಭಾನುವಾರ ಕಾಫಿಗೂ ನಿಲ್ಲದೆ ಮನೆಗೆ ಬಂದೆ.

ವಾರವೆಲ್ಲ ಕುದಿದೆ. ಕಥೆ ಹೋದರೆ ಇನ್ನೊಂದು ಬರೆಯಬಹುದು, ಇರುವ ಒಬ್ಬ ಅವ್ವನನ್ನು ಇನ್ನೊಬ್ಬರು ತಮ್ಮ ತಾಯಿ ಎಂದು ಹೇಳಿಕೊಂಡರೆ ಏನು ಮಾಡಬೇಕು? ನಮ್ಮ ಮನೆಯವರು, ಹೊಸ ಊರು, ಇಲ್ಲೇ ಬಾಳಬೇಕು, ಬಿಟ್ಟುಬಿಡು ಎಂದರು. ಹೊನ್ನಮ್ಮನಿಗೆ ಹೇಳಿ, ಮುಂದಿನ ಭಾನುವಾರ ಹೋಗಿ ಆ ಮನುಷ್ಯನ ಜನ್ಮ ಜಾಲಾಡಿ ಬರುತ್ತೇನೆ ಎಂದೆ. ಅವಳು ಹಾಲಿನ ಪಾತ್ರೆ ಕೆಳಗಿಟ್ಟಳು.

“ಬೈಬೇಡ ಕಣಮ್ಮ. ಬೈದ್ರೆ ನಿನ್ನೇ ಗಯ್ಯಾಳಿ ಅಂತಾರೆ. ಆವಯ್ಯಂಗೆ ಎಲ್ರೂ ಬುದ್ಧಿ ಕೇಳ್ತಾರಲ್ಲ, ನೀನೂ ಕೇಳು. ಕದ್ದಿರೋನ್ಗೆ ಮಾಲಿನ್ ಗುರುತು ಗೊತ್ತಿರಲ್ಲ.”

ಮುಂದಿನ ಭಾನುವಾರ ಹೊನ್ನಮ್ಮನನ್ನೂ ಕರೆದುಕೊಂಡು ಹೋದೆ. ಹೋದ ವಾರದ ಕಥೆಯ ಮೇಲೆ ಇನ್ನೂ ಚರ್ಚೆ ಉಳಿದಿತ್ತು. ಒಬ್ಬರು ಉಪಮೆಯ ಬಗ್ಗೆ ಕೇಳಿದರು, ಒಬ್ಬರು ಮೊದಲ ಸಾಲು ಹೇಗೆ ಹುಟ್ಟಿತು ಎಂದು ಕೇಳಿದರು. ಮೇಷ್ಟ್ರು ತಾಯಿಯ ನೆನಪಿನ ಬಗ್ಗೆ ಏನೋ ಹೇಳಿ ಕಣ್ಣು ಒದ್ದೆ ಮಾಡಿಕೊಂಡರು. ಹೆಂಗಸರ ಸರದಿ ಕಡೆಗೆ, ಅದರಲ್ಲೂ ನನ್ನದು ಕಟ್ಟಕಡೆಗೆ. ಅಷ್ಟು ದಿನ ಆ ಮನೆಯಲ್ಲಿ ಇಲ್ಲಿಯವರ ಹಾಗೆ ಮಾತಾಡಲು ಹೆಣಗುತ್ತಿದ್ದೆ. ಅಂದು ಹೆಣಗಲಿಲ್ಲ.

“ಸರ್, ನಾ ಹೊಸಾಕಿ, ಒಂದು ಸಲಹೆ ಬೇಕಾಗಿತ್ರಿ. ನಿಮ್ಮ ತಾಯಾರು ಆರು ಕಲ್ಲ ಇಟ್ಟು ಪೂಜಿ ಮಾಡ್ತಾರಲ್ರಿ, ಅವು ಯಾರ್ಯಾರು?”

ತಮ್ಮನ್ನು ಯಾರಾದರೂ ಕೇಳುವುದೆಂದರೆ ಮೇಷ್ಟರಿಗೆ ಪ್ರೀತಿ. ಐದು ಕಲ್ಲು ಪಂಚಪಾಂಡವರು ಎಂದರು. ಅಷ್ಟನ್ನು ಎಲ್ಲಿಯೋ ತಿಳಿದುಕೊಂಡಿದ್ದರು. ಆರನೆಯದು ಎಂದು ಕೇಳಿದೆ. ಒಂದು ಗಳಿಗೆಯೂ ತಡೆಯದೆ, “ದ್ರೌಪದಿ ಕಣಮ್ಮ, ಇನ್ಯಾರು?” ಎಂದರು. ಸುತ್ತಲಿನವರು ಹೌದೌದು ಎಂದು ತಲೆಯಾಡಿಸಿದರು.

“ಅಲ್ರಿ ಸರ್,” ಎಂದೆ. “ಪಾಂಡವರ ಹಿಂದ ಇಡೂ ಆ ಕಲ್ಲಿಗೆ ನಮ್ಮ ಕಡೆ ಕಳ್ಳ ಅಂತೀವ್ರಿ. ಇನ್ನೊಬ್ಬರ ಹೊಲದಾಗ ಬಂದು ಕುಂತಿರ್ತಾನ. ನಮ್ಮವ್ವ ಅಂವನ್ನ ಪ್ರತಿ ವರ್ಷ ಗುರುತು ಹಿಡಿದು ಇಡ್ತಿದ್ಲು. ನಿಮ್ಮ ತಾಯಾರಿಗೆ ಗೊತ್ತಿರಲಿಲ್ಲೇನು?”

ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಭೇದ ಇರುತ್ತದೆ ಎಂದು ಮೇಷ್ಟ್ರು ಶುರು ಮಾಡಿದರು. ಆಗ ಹೊನ್ನಮ್ಮ ಚಾಪೆಯಿಂದಲೇ ಮೆಲ್ಲಗೆ, ಈ ಕಥೆಯನ್ನು ಆಷಾಢದಲ್ಲಿಯೇ ನೀಲಮ್ಮ ತನಗೆ ಓದಿ ಹೇಳಿದ್ದಳು, ಆಗ ಅದರಲ್ಲಿ ಮುದ್ದೆ ಇರಲಿಲ್ಲ, ಮದ್ದೂರಿನ ಕಡೆಯ ತನ್ನ ನೆಂಟರಲ್ಲಿ ಈ ಅಮಾವಾಸ್ಯೆಗೆ ಯಾರೂ ಹೊಲದಲ್ಲಿ ಕಲ್ಲಿಡುವುದನ್ನು ತಾನು ಕಂಡಿಲ್ಲ ಎಂದಳು. ಮುಂದೆ ಕೂತಿದ್ದ ಒಬ್ಬ ಹಿರಿಯರು ಮೇಷ್ಟರ ಮುಖವನ್ನೇ ನೋಡಿ, ಎದ್ದು, ಚಪ್ಪಲಿ ಹುಡುಕತೊಡಗಿದರು. ಅಂದಿನ ಕಾಫಿ ಒಳಗೇ ಆರಿತು. ನಿಮ್ಮೆದುರು ಸುಳ್ಳೇಕೆ ಹೇಳಲಿ, ನನಗೆ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಮರುವಾರ ಕೂಟ ಸೇರಲಿಲ್ಲ. ಬುಧವಾರ ಮೇಷ್ಟ್ರು ತಾವೇ ವಠಾರಕ್ಕೆ ಬಂದು ಬಾಗಿಲಲ್ಲಿ ನಿಂತರು. ನನ್ನ ಹಸ್ತಪ್ರತಿ ಕೈಯಲ್ಲಿತ್ತು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

“ಕಥೆ ನಿಮ್ದೇ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಕನ್ನಡ ನಂದು. ನಿಮ್ಮ ಹೆಸರಲ್ಲಿ, ನಿಮ್ಮ ಮಾತಲ್ಲಿ ಬಂದಿದ್ರೆ ಯಾರು ಓದ್ತಿದ್ರು ಹೇಳಿ?”

ನಮ್ಮಲ್ಲಿ ಹಗೆ ಬಂದರೂ ಬೆಲ್ಲ ನೀರು ಕೊಟ್ಟು ಕೂರಿಸುತ್ತೇವೆ. ನಾನು ಕೂರಿ ಅನ್ನಲಿಲ್ಲ, ನೀರು ಕೊಡಲಿಲ್ಲ. ಹಸ್ತಪ್ರತಿ ಇಸಿದುಕೊಂಡು ಕದ ಹಾಕಿಕೊಂಡೆ. ಒಳಗೆ ಬಂದು ನೋಡಿದರೆ ಹಾಳೆ ಹಾಳೆಯೂ ಕೆಂಪು ಮಸಿ. ಅದರಲ್ಲಿ ಕೆಲವು ತಿದ್ದುಪಡಿ ಚೆನ್ನಾಗಿಯೇ ಇದ್ದವು, ಅದೇ ನನ್ನ ಹೊಟ್ಟೆ ಹೆಚ್ಚು ಉರಿಸಿದ್ದು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ಅವ್ವನ ಬುತ್ತಿಯನ್ನು ಬಣ್ಣಿಸುವ ಕಡೆ “ಕಡಲೇಕಾಯಿ ಹೋಳಿಗೆ” ಎಂದಿತ್ತು. ಅದರ ಮೇಲೆ ಕೆಂಪು ಮಸಿ ಇರಲಿಲ್ಲ. ಅದು ನನ್ನದೇ ಕೈ. ಜೋಳವನ್ನು ರಾಗಿ ಮಾಡಿದ್ದು ಮೇಷ್ಟ್ರು, ಆದರೆ ಶೇಂಗಾವನ್ನು ಅವ್ವನ ಬುತ್ತಿಯಿಂದ ತೆಗೆದವಳು ನಾನೇ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಈ ಕಥೆಯನ್ನು ಮೊದಲು ನಿಮಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ನಿಮ್ಮ ನಾಲ್ಕು ಖಾಲಿ ಹಾಳೆ ಸಾಲದು, ಬೆಂಗಳೂರಿನವರು ಓದಲಿ ಎಂಬ ಆಸೆ ಇತ್ತು. ಅದಕ್ಕೆ ತಕ್ಕದ್ದೇ ಆಯಿತು ಎಂದು ಪತ್ತಾರ ಓಣಿಯ ಅಜ್ಜ ಬರೆಯುತ್ತಾರೆ, ಬರೆಯಲಿ.

ಈಗ ವಾರಪತ್ರಿಕೆಗೆ ಒಂದು ಪತ್ರ ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಮೇಷ್ಟರ ಹೆಸರು, ಕೂಟ, ಆರು ಕಲ್ಲು, ಬಾಗಿಲಲ್ಲಿ ಅವರಾಡಿದ ಮಾತು, ಎಲ್ಲ ಇದೆ. ಅಚ್ಚಾದರೆ ಅವರ ಹಜಾರಕ್ಕೆ ಇನ್ನು ನರಪಿಳ್ಳೆಯೂ ಹೋಗುವುದಿಲ್ಲ. ಅವ್ವನನ್ನು, ನಮ್ಮ ಹೊಲವನ್ನು ಬಲ್ಲ ನಿಮ್ಮ ಸಹಿ ಅದರ ಜೊತೆ ಇದ್ದರೆ ಯಾರೂ ಅಲ್ಲಗಳೆಯಲಾರರು. ಅದನ್ನು ಕೇಳಲಿಕ್ಕೇ ಬರೆಯಲು ಕೂತವಳು. ನಿನ್ನೆ ನಡೆದದ್ದನ್ನೂ ಬರೆಯದೆ ಮುಗಿಸಲಾರೆ.

ನಿನ್ನೆ ಎಳ್ಳಮಾವಾಸ್ಯೆ. ನಾನು ಬುತ್ತಿ ಕಟ್ಟಿಕೊಂಡು ಹೊನ್ನಮ್ಮನ ಹೊಲಕ್ಕೆ ಹೋದೆ. ರಾಗಿ ಕೊಯ್ದಾಗಿತ್ತು, ಅವರೆ ಗಿಡ ಹೂಬಿಟ್ಟು ನಿಂತಿತ್ತು. ಬನ್ನಿ ಇರಲಿಲ್ಲ, ಹೊಂಗೆಯ ಮರದ ಕೆಳಗೆ ಐದು ಕಲ್ಲಿಟ್ಟೆ. ಹಿಂದೆ ಕಳ್ಳನನ್ನೂ ಇಟ್ಟೆ. ಊರಿನಿಂದ ಬಂದವರೊಬ್ಬರು ತಂದುಕೊಟ್ಟ ಸಜ್ಜೆಹಿಟ್ಟಿನ ರೊಟ್ಟಿ. ಬಹಳ ದಿನದ ಮೇಲೆ ವಠಾರಕ್ಕೆಲ್ಲ ಕೇಳುವಂತೆ ಬಡಿದಿದ್ದೆ. ಐವರಿಗೂ ಎಡೆ ಹಾಕಿದೆ. ಕಳ್ಳನಿಗೂ ಹಾಕಬೇಕು, ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ನಾನು ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ.

ಹೊನ್ನಮ್ಮನಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಆ ಕಲ್ಲು ಯಾರೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಪಾಲಿನ ರೊಟ್ಟಿಯಲ್ಲಿ ಒಂದು ಚೂರು ಮುರಿದು ಅದರ ಮುಂದೆ ಇಟ್ಟಳು.

“ಕಳ್ಳನಾದ್ರೇನಮ್ಮ, ನಮ್ಮ ಹೊಲಕ್ಕೆ ಬಂದು ಉಪವಾಸ ಹೋಗ್ಬಾರ್ದು.”

ನಾನು ಆ ಚೂರನ್ನು ಎತ್ತಿ ಕಾಗೆಗೆ ಎಸೆದೆ. ಅವಳು ಇನ್ನೊಂದು ಚೂರು ಮುರಿದಿಟ್ಟಳು. ಎರಡನೆಯ ಸಲ ಎತ್ತಲು ನನ್ನ ಕೈ ಬರಲಿಲ್ಲ. ಬೆನ್ನು ತಿರುಗಿಸಿ ಚರಗ ಚೆಲ್ಲುತ್ತಾ ಅವರೆ ಸಾಲಿನಲ್ಲಿ ನಡೆದೆ. ಹಿಂದಿನಿಂದ ಹೊನ್ನಮ್ಮ, ಮೊದಲ ತುತ್ತು ಭೂಮಿಗೆ, ಎರಡನೇದು ಹಕ್ಕಿಗೆ ಎಂದು ತನ್ನ ರಾಗದಲ್ಲಿ ಹೇಳುತ್ತಾ ಬಂದಳು. ಅವ್ವನ ಮಾತು ಅವಳ ಬಾಯಲ್ಲಿ ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ.

ಲಕೋಟೆ ಟ್ರಂಕಿನಲ್ಲಿದೆ. ಕಳಿಸು ಎಂದೇ ನೀವು ಬರೆಯಬೇಕೆಂದು ನನ್ನ ಆಸೆ. ಆದರೆ ಅವ್ವನ ಜೊತೆ ಹೊಲಕ್ಕೆ ಹೋದವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಅವಳು ಆರನೆಯ ಕಲ್ಲಿಗೆ ಎಡೆ ಹಾಕುವಾಗ ಏನು ಹೇಳುತ್ತಿದ್ದಳು ಎಂಬುದು ನನಗೆ ಎಷ್ಟು ತಡಕಿದರೂ ನೆನಪಾಗುತ್ತಿಲ್ಲ. ನಾಲ್ಕು ಹಾಳೆ ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ನೆನಪಿದ್ದರೆ, ಅದೊಂದನ್ನು ಮೊದಲು ಬರೆಯಿರಿ.