ತಾಯಪ್ಪನ ಮೂರು ಜೀವ

ಭೀಮರಾಯನಗುಡಿ ಕ್ಯಾಂಪಿನಲ್ಲಿರುವ, ಕಾಲುವೆಯ ನೀರಿನ ಗೇಟು ಎತ್ತಿ ಇಳಿಸುತ್ತಿದ್ದ ನಿವೃತ್ತ ಗೇಟ್‌ಮನ್ ತಾಯಪ್ಪನ ಮುಂದೆ ಅವನ ವಿಡಿಯೋ ಗೇಮನ್ನು ಹಳೆಯದು ಎಂದವರು ಚಹಾ ಸಿಗದೆ ಎದ್ದು ಹೋಗಬೇಕಾಗುತ್ತದೆ. ಟಿವಿಗೆ ಸಿಕ್ಕಿಸಿ ಆಡುವ ಆ ಡಬ್ಬಿಯನ್ನು ಅವನು ಮೂವತ್ತು ವರ್ಷದ ಹಿಂದೆ ಶಹಾಪುರದಲ್ಲಿ ಕೊಂಡದ್ದು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಎರಡು ಸಲ ಊದಿದರೆ ಇವತ್ತಿಗೂ ಏಳುತ್ತದೆ. ಮಗಳು ಲಾಲಮ್ಮನ ಮೊಬೈಲಿನ ಆಟ ನೆಟ್ ಹೋದ ಕೂಡಲೇ ನಿಂತರೆ ಅವನ ಪಿತ್ತ ನೆತ್ತಿಗೇರುತ್ತದೆ. "ದಿನಾ ಅಪ್‌ಡೇಟ್ ಮಾಡ್ರಿ, ಜಾಹೀರಾತ ನೋಡ್ರಿ ಅಂತದ. ಆಟ ನೀ ಆಡಾಕತ್ತಿಯೋ, ಅದು ನಿನ್ನ ಆಡಸಾಕತ್ತದೋ?" ಇಷ್ಟು ಜಗಳಾಡುವವನು ತನ್ನ ಆಟದಲ್ಲಿ ಮೂರನೆಯ ಹಂತವನ್ನೇ ದಾಟಿಲ್ಲ. ಅಲ್ಲಿ ನೀರು ಬರುತ್ತದೆ. ಗೊಂಬೆ ಮನುಷ್ಯ ಅದಕ್ಕೆ ಜಿಗಿದರಷ್ಟೇ ಮುಂದಿನ ದಾರಿ. ಇಪ್ಪತ್ತೆಂಟು ವರ್ಷ ಕಾಲುವೆಯ ದಂಡೆಯಲ್ಲಿ ನಿಂತು "ನೀರಿಗೆ ಇಳೀಬ್ಯಾಡ್ರಿ" ಎಂದು ಕೂಗಿದ ತಾಯಪ್ಪ, ವೇಳೆ ಮುಗಿದು ಆಟ ಮೊದಲಿನಿಂದ ಶುರುವಾಗುವವರೆಗೂ ಗೊಂಬೆಯನ್ನು ದಡದಲ್ಲೇ ನಿಲ್ಲಿಸಿರುತ್ತಾನೆ. ಮೊನ್ನೆ ಲಾಲಮ್ಮ ತಡೆಯಲಾರದೆ, "ಅಪ್ಪಾ, ಹಳೇ ಆಟದ ನೀರದು, ಬರೇ ನೀಲಿ ಬಣ್ಣ. ಜಿಗಸು. ಸತ್ರೂ ಇನ್ನ ಎರಡು ಜೀವ ಅದಾವ" ಎಂದಳು. "ನಿನಗ ನೀಲಿ ಬಣ್ಣ. ನನಗ ಇನ್ನೂ ಎದಿ ನಡಗ್ತದ, ಅದು ಹಳೇದು ಹೆಂಗ ಆಗ್ತದ?" ಎಂದು ತಾಯಪ್ಪ ರೇಗಿದ. ಆಮೇಲೆ ಪರದೆಯ ಮೂಲೆಯಲ್ಲಿದ್ದ ಮೂರು ಪುಟ್ಟ ಗೊಂಬೆಗಳನ್ನು ಬೆರಳಿನಿಂದ ಮುಟ್ಟಿ, "ಇವಂಗ ಮೂರು ಕೊಟ್ಟಾರ. ಕಾಲುವ್ಯಾಗ ಮುಳುಗಿದ್ದ, ನಾ ಗೇಟಿನ ಬುಡದಿಂದ ಎತ್ತಿದ ಕೂಸಿಗೆ ಒಂದ ಇತ್ತವ್ವ" ಎಂದ.