ಮಾಸಿಮಾರ ಮಂಡಿನೋವು

ಬಾಗಿಲು ತೆರೆದದ್ದೇ ತಡ, ಎದುರು ಫ್ಲ್ಯಾಟಿನ ಅಜ್ಜಿ ಸೀದಾ ಒಳಬಂದು ಸೋಫಾದಲ್ಲಿ ಕುಳಿತರು. ಎಡಗಾಲನ್ನು ನಮ್ಮ ಟೀಪಾಯಿಯ ಮೇಲಿಟ್ಟು, ಸೀರೆಯನ್ನು ಮಂಡಿಯವರೆಗೆ ಸರಿಸಿ ಬಂಗಾಳಿಯಲ್ಲಿ ಅಪ್ಪಣೆ ಕೊಟ್ಟರು: “ಒತ್ತಿ ನೋಡಿ ಡಾಕ್ಟರ್‌ಬಾಬು, ಮೆಟ್ಟಿಲು ಹತ್ತೋಕೇ ಆಗ್ತಿಲ್ಲ.”

ತಪ್ಪು ನನ್ನದೇ. ಬಂಗಾಳದ ನ್ಯೂ ಟೌನ್‌ಗೆ ಬಂದು ವಾರವಾಗಿತ್ತಷ್ಟೇ. ಎಲ್ಲರೂ ಮಾಸಿಮಾ ಎನ್ನುವ ಈ ಅಜ್ಜಿ ಹಿಂದಿನ ದಿನ ಲಿಫ್ಟಿನಲ್ಲಿ ನನ್ನ ಕೆಲಸ ಕೇಳಿದಾಗ, ಹೊಸದಾಗಿ ಕಲಿತ ಬಂಗಾಳಿಯ ಜಂಭದಲ್ಲಿ ‘ಆರ್ಥೋನೀತಿ’, ಅಂದರೆ ಅರ್ಥಶಾಸ್ತ್ರ, ಎಂದಿದ್ದೆ. ನಮ್ಮ ‘ಅರ್ಥ’ ಬಂಗಾಳಿಗಳ ಬಾಯಲ್ಲಿ ‘ಆರ್ಥೋ’. ಮಾಸಿಮಾಗೆ ಅಷ್ಟೇ ಕೇಳಿಸಿದೆ. ಬಾಗಿಲ ಮೇಲಿನ ನನ್ನ ಪಿಎಚ್‌.ಡಿ.ಯ ‘ಡಾ.’ ನೋಡಿ ಮೂಳೆ ಡಾಕ್ಟರೆಂದು ತೀರ್ಮಾನಿಸಿದ್ದಾರೆ.

ನಾನು ಮೂಳೆ ನೋಡುವವನಲ್ಲ, ದೇಶ ದೇಶಗಳ ನಡುವಿನ ವ್ಯಾಪಾರ ಎಲ್ಲಿ ಹಿಡಿದುಕೊಂಡಿದೆ ಎಂದು ನೋಡಿ ಸರ್ಕಾರಗಳಿಗೆ ಸಲಹೆ ಬರೆಯುವವನು ಎಂದು ವಿವರಿಸಿದೆ. ಅವರು ಕಾಲಿಳಿಸಲಿಲ್ಲ.

“ಅಂದ್ರೆ ದೇಶಗಳಿಗೆ ಔಷಧಿ ಬರ್ಕೊಡ್ತೀಯ. ಎಷ್ಟು ವರ್ಷದಿಂದ ಬಾಬಾ?”

“ಇಪ್ಪತ್ತೆರಡು.”

“ಯಾವ್ದಾದ್ರೂ ಒಂದು ವಾಸಿಯಾಯ್ತಾ?”

ಜಿನೀವಾದಿಂದ ಜಕಾರ್ತದವರೆಗೆ ಕೂತೆದ್ದ ಯಾವ ಸಭೆಯಲ್ಲೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎದ್ದು ಒಳಗೆ ಹೋಗಿ, ಬಿಸಿನೀರಿನ ಚೀಲ ತುಂಬಿ ತಂದು ಅವರ ಮಂಡಿಯ ಮೇಲಿಟ್ಟೆ. ಮಾಸಿಮಾ “ಆಹಾ” ಎಂದು ಕಣ್ಣು ಮುಚ್ಚಿದರು.

ನನ್ನಿಂದ ಒಬ್ಬರಿಗೆ ಹಿತವಾದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಬಾಗಿಲ ಮೇಲಿನ ‘ಡಾ.’ ತೆಗೆಸಿಲ್ಲ. ಇಷ್ಟು ವರ್ಷಗಳ ಮೇಲೆ ಈಗಷ್ಟೇ ಅದಕ್ಕೊಂದು ಅರ್ಥ ಬಂದಿದೆ.